ಹಿತ್ತಲಿಗೆ ಯಾವ ಪ್ಯಾಶನ್ ಬಳ್ಳಿ?

"ಬಳ್ಳಿ ಹಬ್ಬಿದೆ, ಹೂವೂ ಬಿಡುತ್ತದೆ, ಕಾಯಿ ಮಾತ್ರ ಇಲ್ಲ" ಎನ್ನುವ ಸದಸ್ಯರುಂಟು. ನೋಡಿದರೆ ಅದು ಹೆಚ್ಚಾಗಿ ಒಂಟಿ ಹಳದಿ ಬಳ್ಳಿ. ಹಳದಿ ಜಾತಿ ತನ್ನದೇ ಪರಾಗದಿಂದ ಕಾಯಿ ಕಟ್ಟದು. ಬೀಜದಿಂದ ಬಂದ ಇನ್ನೊಂದು ಬಳ್ಳಿ ಹತ್ತಿರವಿರಬೇಕು, ಪರಾಗ ಸಾಗಿಸಲು ದೊಡ್ಡ ಕರಿದುಂಬಿಯೂ ಬರಬೇಕು. ಒಂದೇ ಬಳ್ಳಿಯ ಎರಡು ತುಂಡು ನೆಟ್ಟರೆ ಪ್ರಯೋಜನವಿಲ್ಲ. ಕೆನ್ನೇರಳೆ ಜಾತಿಗೆ ಈ ತೊಡಕಿಲ್ಲ. ಎತ್ತರದ ತಂಪು ಜಾಗಕ್ಕೆ ಅದೇ ಲೇಸು. ತಗ್ಗಿನ ಅಡಿಕೆ ಸೀಮೆಗೆ ಹಳದಿ. ಇವೆರಡರ ಸಂಕರವಾದ 'ಕಾವೇರಿ' ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ತಳಿ. ಕೊಡಗಿನವರಿಗೆ ನಾವು ಮೊದಲು ಹೇಳುವುದು ಅದನ್ನೇ. ಬುಡದಲ್ಲಿ ಮಳೆನೀರು ನಿಂತರೆ ಯಾವ ಜಾತಿಯೂ ಕೊಳೆತೀತು, ದಿಬ್ಬದ ಮೇಲೆ ನೆಡಿ. ಹೂ ಬರುವುದು ಹೊಸ ಚಿಗುರಿನಲ್ಲಿ. ಕೊಯ್ಲಾದ ಮೇಲೆ ಕತ್ತರಿಸಲು ಹಿಂಜರಿಯಬೇಡಿ. ಮೆಣಸಿನ ಮರಕ್ಕೆ ಹಬ್ಬಿಸದೆ ಬೇರೆ ಚಪ್ಪರ ಹಾಕಿ.