ಏರಿ ಒಡೆಯದ ವರ್ಷದ ಲೆಕ್ಕ

ಮಗಾ, ಮೊನ್ನೆ ಹಬ್ಬಕ್ಕೆ ಬಂದಾಗ ಜಗಲಿಯಲ್ಲಿ ಕೂತು ನೀನೊಂದು ಮಾತಾಡಿದೆ. ಆರೋಗ್ಯ ಕೇಂದ್ರದ ಹುಡುಗಿ ಬಂದು ನಿಮ್ಮ ದೊಡ್ಡಮ್ಮನ ಬಿಪಿ ನೋಡಿ, ತಿಂಗಳ ಮಾತ್ರೆ ಕೊಟ್ಟು ಹೋದಳಲ್ಲ, ಆಗ. "ಊರಿಗೆಲ್ಲ ಹೀಗೆ ಪುಕ್ಕಟೆ ಹಂಚಿದರೆ ಬೊಕ್ಕಸದಲ್ಲಿ ಏನುಳಿಯುತ್ತೆ ದೊಡ್ಡಪ್ಪ?" ಎಂದೆ. ನಾಲ್ಕು ಜನರ ಮುಂದೆ ಯಾಕೆಂದು ಸುಮ್ಮನಿದ್ದೆ. ಖಜಾನೆಯಲ್ಲಿ ಮೂವತ್ತು ವರ್ಷ ಬಿಲ್ಲು ನೋಡಿದವನು ನಾನು. ದಂಡದ ಖರ್ಚು ಕಂಡರೆ ನಿನಗಿಂತ ನನಗೇ ಹೆಚ್ಚು ಹೊಟ್ಟೆ ಉರಿಯುತ್ತದೆ. ಅದಕ್ಕೇ ಹೇಳುತ್ತೇನೆ, ಲೆಕ್ಕ ಹಾಕುವುದಾದರೆ ಪೂರ್ತಿ ಹಾಕು.

ಬಿಪಿಯ ಸಾದಾ ಮಾತ್ರೆ ಅಮ್ಲೋಡಿಪಿನ್ ಜನೌಷಧಿ ಅಂಗಡಿಯಲ್ಲಿ ಒಂದಕ್ಕೆ ಒಂದು ರೂಪಾಯಿಯೂ ಆಗುವುದಿಲ್ಲ. ರೂಪಾಯಿಯೇ ಅಂದುಕೋ, ವರ್ಷಕ್ಕೆ 365. ಇನ್ನು ಬಿಪಿಯನ್ನು ಹಾಗೇ ಬಿಟ್ಟು ಹೃದಯ ಕೆಟ್ಟರೆ ಅದರ ನಾಳಕ್ಕೆ ಹಾಕುವ ಸ್ಟೆಂಟು. 2017ರಲ್ಲಿ ಕೇಂದ್ರ ಸರ್ಕಾರ ಬೆಲೆಗೆ ಮಿತಿ ಹಾಕಿದ ಮೇಲೂ ಔಷಧಿ ಲೇಪಿಸಿದ ಒಂದು ಸ್ಟೆಂಟಿಗೆ ಸುಮಾರು 30 ಸಾವಿರ ಆಯಿತು. ಅಷ್ಟು ದುಡ್ಡಿಗೆ ಒಬ್ಬರಿಗೆ 80 ವರ್ಷ ಮಾತ್ರೆ ಬರುತ್ತದೆ.

ಇಲ್ಲೇ ನೀನು ನನ್ನನ್ನು ಹಿಡಿಯಬಹುದು. ಮಾತ್ರೆ ನುಂಗದಿದ್ದರೂ ನೂರು ಜನಕ್ಕೂ ಹೃದಯಾಘಾತವೋ ಲಕ್ವವೋ ಆಗುತ್ತಿರಲಿಲ್ಲವಲ್ಲ? ನಿಜ. ಯಾರಿಗೋ ಕೆಲವರಿಗೆ ಆಗುತ್ತಿತ್ತು. ಯಾರಿಗೆ ಅಂತ ಮೊದಲೇ ಗೊತ್ತಾಗದ ಕಾರಣ ನೂರು ಜನಕ್ಕೂ ಕೊಡಬೇಕು. ಅದರ ಮೇಲೆ ಬಿಪಿ ನೋಡುವವರ ಸಂಬಳ, ಬಿಪಿ ಮೆಷಿನ್ನು, ಓಡಾಟದ ಖರ್ಚು ಬೇರೆ. ತಡೆಗಟ್ಟುವುದು ಅಗ್ಗ ಅಂತ ನಾನು ಹೇಳುವುದಿಲ್ಲ. ಆದರೆ ಕೆರೆಯ ಏರಿ ಒಡೆಯದ ವರ್ಷ ಅದನ್ನು ಕಾಯುವ ನೀರಗಂಟಿಗೆ ಕಾಳು ಯಾಕೆ ಅಳೆಯಬೇಕು ಎಂದು ಯಾವ ರೈತನೂ ಕೇಳುತ್ತಿರಲಿಲ್ಲ.

ಏರಿ ಒಡೆದರೆ ಏನಾಗುತ್ತದೆ ಅಂತ ನಮ್ಮ ಬೀದಿಯಲ್ಲೇ ನೋಡಬಹುದು. ಎದುರು ಸಾಲಿನ ಕಿರಾಣಿ ಅಂಗಡಿಯವರು ನಿನಗೂ ಗೊತ್ತು. ತಲೆನೋವಿಲ್ಲ, ಸುಸ್ತಿಲ್ಲ, ಯಾಕೆ ಅಂತ ಮಾತ್ರೆ ಬಿಟ್ಟರು. ಬಿಪಿ ಬೊಬ್ಬೆ ಹಾಕುವ ರೋಗವಲ್ಲವಲ್ಲ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಲಕ್ವ ಹೊಡೆದು ಕುಸಿದರು. ನೋಡಲು ಹೋದಾಗ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ ಮಾತ್ರೆಪಟ್ಟಿಯಲ್ಲಿ ಇನ್ನೂ ಆರು ಉಳಿದಿದ್ದವು. ಈಗ ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಮಗ ಮೈಸೂರಿನ ಕೆಲಸ ಬಿಟ್ಟು ಬಂದ, ಅಂಗಡಿ ಅರ್ಧ ದಿನ ಬಾಗಿಲು ಹಾಕಿರುತ್ತದೆ. ಇದನ್ನು ಬರೆಯಲು ಯಾವ ಖಜಾನೆಯ ಪುಸ್ತಕದಲ್ಲೂ ಕಾಲಂ ಇಲ್ಲ ಕಣಪ್ಪ.

ಹೃದಯದ ಕಥೆಯೂ ಇದೇ. 46ನೇ ವಯಸ್ಸಿಗೆ ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ಹೋದರು. ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯವರು ಕೂತಲ್ಲೇ ನೋಡುತ್ತಾರೆ. ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ರೋಗಿಯ ಕೈಯಿಂದ ಕಾಸು ಕೇಳದೆ ಕೊಡುತ್ತಾರೆ. ಬೇಕಾದ ಯೋಜನೆಯೇ, ಆದರೆ ಅದು ಏರಿ ಬಿರುಕುಬಿಟ್ಟ ಮೇಲಿನ ಮಣ್ಣು. 2025ರಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಜನ ಹೆದರಿ ಜಯದೇವದ ಮುಂದೆ ಬೆಳಗಿನಿಂದಲೇ ಸಾಲುಗಟ್ಟಿದರು. ಮನೆ ಬಾಗಿಲಿಗೆ ಬರುವ ಹುಡುಗಿಗೆ ಮಾತ್ರ "ಆಮೇಲೆ ಬಾರಮ್ಮ" ಅನ್ನುತ್ತೇವೆ.

ಖರ್ಚು ಕೇಳಬೇಡ ಅನ್ನುತ್ತಿಲ್ಲ. ಕೇಳಲೇಬೇಕು, ಆದರೆ ಸರಿಯಾದ ಜಾಗದಲ್ಲಿ ಕೇಳು. ಈ ತಿಂಗಳು ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಇದೆಯಾ? ಸ್ಟಾಕಿಲ್ಲ ಅಂತ ಎಷ್ಟು ಜನರನ್ನು ವಾಪಸ್ ಕಳಿಸಿದರು? ಹೆಸರು ಬರೆಸಿದವರಲ್ಲಿ ಎಷ್ಟು ಜನರ ಬಿಪಿ 140/90ರ ಕೆಳಗೆ ಇಳಿಯಿತು? ಮಾತ್ರೆ ತರಿಸದೆ ಉಳಿಸಿದ ದುಡ್ಡಿನಷ್ಟು ದಂಡದ ದುಡ್ಡು ಇನ್ನೊಂದಿಲ್ಲ. ಹಾಗೆಯೇ ಕೊಟ್ಟ ಮಾತ್ರೆ ಮೊಳೆಯಲ್ಲೇ ನೇತಾಡಿದರೆ ಅದಕ್ಕೆ ಸರ್ಕಾರವನ್ನು ಬೈಯುವ ಹಾಗೂ ಇಲ್ಲ.

ಕೊನೆಯದು ನಿನ್ನ ಲೆಕ್ಕ. ದಿನಕ್ಕೆ ಐದು ಗ್ರಾಂ ಉಪ್ಪು ಸಾಕು ಅನ್ನುತ್ತಾರೆ, ಅಂದರೆ ಒಂದು ಟೀ ಚಮಚ. ಮೊನ್ನೆ ನೀನು ಊಟದಲ್ಲಿ ಹಪ್ಪಳ, ಉಪ್ಪಿನಕಾಯಿ, ಮಜ್ಜಿಗೆ ಮೆಣಸಿನಕಾಯಿ ಸೇರಿಸಿ ಹೊಡೆದದ್ದನ್ನು ನಾನು ನೋಡಿದ್ದೇನೆ! ಮೂವತ್ತು ದಾಟಿದೆ ನಿನಗೆ. ಮುಂದಿನ ಸಲ ಆ ಹುಡುಗಿ ಬಂದಾಗ ಬೊಕ್ಕಸದ ಮಾತು ಆಮೇಲೆ ಆಡೋಣ. ಮೊದಲು ಅಂಗಿಯ ತೋಳು ಮಡಚಿ ದೊಡ್ಡಮ್ಮನ ಪಕ್ಕ ಕೂತುಕೋ.