ಮಗುವಿನ ಬೆನ್ನು ಬಾಗಿದ್ದರೆ ಯಾರಿಗೆ ತೋರಿಸಬೇಕು?

ತಾಯಿತಂದೆಯರೇ, ಮಗಳಿಗೆ ಜಡೆ ಹೆಣೆಯುವಾಗ ಒಂದು ಭುಜ ಮೇಲೆ, ಇನ್ನೊಂದು ಕೆಳಗೆ ಇರುವಂತೆ ಕಂಡಿತೇ? ಕಾಲು ಜೋಡಿಸಿ, ಮೊಣಕಾಲು ಮಡಿಸದೆ ಮುಂದಕ್ಕೆ ಬಾಗಲು ಹೇಳಿರಿ. ಬೆನ್ನಿನ ಒಂದು ಪಕ್ಕ ದಿಬ್ಬದಂತೆ ಎದ್ದರೆ ಅದು ಬೆನ್ನುಮೂಳೆಯ ಪಾರ್ಶ್ವವಕ್ರತೆ, ಅಂದರೆ ಸ್ಕೋಲಿಯೋಸಿಸ್, ಇರಬಹುದು. ಭಾರ ಹೊತ್ತದ್ದರಿಂದಾಗಲಿ ಗ್ರಹಣದಿಂದಾಗಲಿ ಇದು ಬರುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಕಾರಣವೇ ತಿಳಿಯದು. ಬಸುರಿನಲ್ಲಿ ಪಥ್ಯ ತಪ್ಪಿದಳೆಂದು ತಾಯಿಯನ್ನು ದೂಷಿಸುವುದು ಶುದ್ಧ ಅನ್ಯಾಯ.

ನಾಟಿ ವೈದ್ಯರಿಂದ ತಿಕ್ಕಿಸಿ, ಎಳೆಸಿ ಕಾಲ ಕಳೆಯಬೇಡಿರಿ. ಮಗು ವೇಗವಾಗಿ ಬೆಳೆಯುವ 10ರಿಂದ 15ರ ವಯಸ್ಸಿನಲ್ಲಿಯೇ ವಕ್ರತೆ ಬೇಗ ಹೆಚ್ಚುವುದು.

ಮೊದಲು ದೇವದುರ್ಗ ಅಥವಾ ಮಾನ್ವಿಯ ತಾಲ್ಲೂಕು ಆಸ್ಪತ್ರೆಗೆ ಹೋಗಿರಿ. ಶಿಫಾರಸು ಪತ್ರ ಪಡೆದು, ಪಡಿತರ ಚೀಟಿಯೊಡನೆ ರಾಯಚೂರಿನ ರಿಮ್ಸ್ ಆಸ್ಪತ್ರೆಯ ಮೂಳೆರೋಗ ವಿಭಾಗದಲ್ಲಿ ತೋರಿಸಿರಿ. ನಿಲ್ಲಿಸಿ ತೆಗೆದ ಎಕ್ಸ್‌ರೇಯಿಂದ ವಕ್ರತೆಯ ಕೋನವನ್ನು ಅಳೆಯುವರು. 25 ಡಿಗ್ರಿಗಿಂತ ಕಡಿಮೆಯಿದ್ದರೆ ಕೆಲವು ತಿಂಗಳಿಗೊಮ್ಮೆ ಪರೀಕ್ಷೆ ಸಾಕು. 25ರಿಂದ 40ರವರೆಗೆ, ಇನ್ನೂ ಬೆಳೆಯುವ ಮಗುವಿಗೆ, ಬ್ರೇಸ್ ಎಂಬ ಬೆನ್ನುಕವಚ. ಇದು ಬೆನ್ನನ್ನು ನೇರಗೊಳಿಸದು, ಬಾಗು ಹೆಚ್ಚುವುದನ್ನು ತಡೆಯುವುದು. 45–50 ಮೀರಿದರೆ ಶಸ್ತ್ರಚಿಕಿತ್ಸೆಯ ವಿಚಾರ.

ಮೂಳೆವೈದ್ಯರೆಲ್ಲರೂ ಬೆನ್ನುಮೂಳೆ ತಜ್ಞರಲ್ಲ. “ಮಕ್ಕಳ ಬೆನ್ನುಮೂಳೆಯಲ್ಲಿ ಅನುಭವವುಳ್ಳವರು ಯಾರು?” ಎಂದು ಸಂಕೋಚವಿಲ್ಲದೆ ಕೇಳಿರಿ; ಬೆಂಗಳೂರಿಗೆ ಬರೆದುಕೊಟ್ಟರೆ ಹಿಂಜರಿಯದಿರಿ. ಹಳೆಯ ಎಕ್ಸ್‌ರೇಗಳನ್ನು ಜೋಪಾನವಾಗಿ ಒಯ್ಯಿರಿ. ಅವುಗಳೊಡನೆ ಹೋಲಿಸಿಯೇ ಬಾಗು ಎಷ್ಟು ಹೆಚ್ಚಿತೆಂದು ತಜ್ಞರು ಹೇಳಬಲ್ಲರು.