ಸರದಿಯ ಯಂತ್ರದಿಂದ ಸಂಭಾಷಣೆ

2020ರ ಅಕ್ಟೋಬರಿನಲ್ಲಿ ಭೀಮಾ ನದಿಯು ಉಕ್ಕಿ ಹರಿದು, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಅನೇಕ ಗ್ರಾಮಗಳು ಪ್ರವಾಹಕ್ಕೆ ಸಿಲುಕಿದವು. ಇಂತಹ ಸಮಯದಲ್ಲಿ ಬಳಕೆಗೆ ಬರುವ ವಾಕಿಟಾಕಿಯಲ್ಲಿ ಗುಂಡಿಯನ್ನು ಒತ್ತಿದವರು ಮಾತನಾಡಬಹುದು. ಬಿಟ್ಟ ಮೇಲೆಯೇ ಅತ್ತಲಿನ ಮಾತು ಕೇಳುತ್ತದೆ. ನಡುವೆ ‘ದೋಣಿ ಬಿಡಬೇಡಿ, ಸೆಳವು ಹೆಚ್ಚಿದೆ’ ಎಂದು ಅತ್ತಲಿನವರು ಕೂಗಿದರೂ ಇವರಿಗೆ ತಿಳಿಯದು. ಈ ಕ್ರಮಕ್ಕೆ ಹಾಫ್ ಡ್ಯೂಪ್ಲೆಕ್ಸ್ ಎಂದು ಹೆಸರು. ಏಕಕಾಲದಲ್ಲಿ ಹೇಳುವುದೂ ಕೇಳುವುದೂ ಸಾಧ್ಯವಾದರೆ ಅದು ಫುಲ್ ಡ್ಯೂಪ್ಲೆಕ್ಸ್. ಮೊದಲನೆಯ ಬಗೆಯ ಉಪಕರಣದಿಂದ ಎರಡನೆಯ ಬಗೆಯ ಕೆಲಸವನ್ನು ಪಡೆಯಬಹುದೇ?

ಮೊದಲು ತೊಡಕಿನ ಕಾರಣವನ್ನು ನೋಡೋಣ. ಉಪಕರಣವು ಹೊರಡಿಸುವ ಶಕ್ತಿ 1 ವ್ಯಾಟ್ ಎಂದೂ, ದೂರದಿಂದ ಬಂದು ಸೇರುವ ಸಂಕೇತ ಅದರ ಸಾವಿರ ಕೋಟಿಯಲ್ಲಿ ಒಂದು ಪಾಲೆಂದೂ ಇಟ್ಟುಕೊಳ್ಳೋಣ. ಎರಡೂ ಒಂದೇ ಆವೃತ್ತಿಯಲ್ಲಿದ್ದರೆ, ನಗಾರಿ ಬಾರಿಸುವವನಿಗೆ ಪಿಸುಮಾತು ಕೇಳಿಸದಂತೆ, ಉಪಕರಣವು ತನ್ನ ಸದ್ದಿಗೆ ತಾನೇ ಕಿವುಡಾಗುತ್ತದೆ.

ಇದಕ್ಕೆ ಎರಡು ಉಪಾಯಗಳಿವೆ. ಮೊದಲನೆಯದು, ಪ್ರತಿಯೊಂದು ಕಡೆಯಲ್ಲಿಯೂ ಎರಡೆರಡು ಉಪಕರಣಗಳನ್ನಿಡುವುದು. ಅಫಜಲಪುರದ ಒಂದು ಉಪಕರಣವು ಒಂದು ಆವೃತ್ತಿಯಲ್ಲಿ ಹೇಳುತ್ತಲೇ ಇರಲಿ, ಇನ್ನೊಂದು ಬೇರೆ ಆವೃತ್ತಿಯಲ್ಲಿ ಕೇಳುತ್ತಲೇ ಇರಲಿ; ಜೇವರ್ಗಿಯಲ್ಲಿ ಇದು ತಿರುವುಮುರುವಾಗಿರಲಿ. ಆವೃತ್ತಿಗಳ ನಡುವೆ ಸಾಕಷ್ಟು ಅಂತರವೂ ಬೇಡದ ಆವೃತ್ತಿಯನ್ನು ತಡೆಯುವ ಫಿಲ್ಟರೂ ಇರಬೇಕು. ಕೆಲಸ ಸುಗಮ, ಆದರೆ ವೆಚ್ಚ ಇಮ್ಮಡಿ.

ಎರಡನೆಯದು ಕಾಲವನ್ನು ಹಂಚಿಕೊಳ್ಳುವುದು. 20 ಮಿಲಿಸೆಕೆಂಡಿನ ಮಾತನ್ನು ಸ್ಮೃತಿಕೋಶದಲ್ಲಿ ಕೂಡಿಟ್ಟು, ಅಂಕಿಗಳಾಗಿ ಸಂಕ್ಷೇಪಿಸಿದರೆ, ಅದನ್ನು 1 ಮಿಲಿಸೆಕೆಂಡಿನಲ್ಲಿ ಕಳುಹಿಸಬಹುದು. ಉಳಿದ ವೇಳೆಯಲ್ಲಿ ಉಪಕರಣವು ಕೇಳುತ್ತದೆ. ಯಂತ್ರವು ಈಗಲೂ ಸರದಿಯಂತೆಯೇ ನಡೆಯುತ್ತದೆ. ಸರದಿಯು ಅತಿ ಶೀಘ್ರವಾಗಿ ಬದಲಾಗುವುದರಿಂದ ಮಾತನಾಡುವವರಿಗೆ ಮಾತ್ರ ಅದು ತಿಳಿಯುವುದಿಲ್ಲ. ನಮ್ಮ ದೇಶದಲ್ಲಿ 2300 ಮೆಗಾಹರ್ಟ್ಸ್ ಪಟ್ಟಿಯ 4ಜಿ ಹಾಗೂ 3300 ಮೆಗಾಹರ್ಟ್ಸ್ ಪಟ್ಟಿಯ 5ಜಿ ಸೇವೆಗಳು ಈ ಕ್ರಮವನ್ನೇ ಅನುಸರಿಸುತ್ತವೆ.

ಇದಕ್ಕೂ ಬೆಲೆಯುಂಟು. ಸೆಕೆಂಡಿಗೆ 10 ಮೆಗಾಬಿಟ್ ಸಾಗಿಸುವ ದಾರಿಯನ್ನು ಸಮನಾಗಿ ಹಂಚಿದರೆ ಒಂದೊಂದು ದಿಕ್ಕಿಗೆ 5ಕ್ಕಿಂತ ಕಡಿಮೆಯೇ ದೊರೆಯುತ್ತದೆ. ಕಡಿಮೆಯೇಕೆಂದರೆ, ಸರದಿ ಬದಲಾಗುವಾಗ ತುಸು ಬಿಡುವು ಬೇಕು. ಆಳಂದದ ಬಯಲಿನಲ್ಲಿ ಗೋಪುರವೊಂದು ಫೋನಿನಿಂದ 15 ಕಿ.ಮೀ. ದೂರವಿದೆಯೆಂದು ಭಾವಿಸಿರಿ. ತರಂಗವು ಹೋಗಿಬರುವ ದಾರಿ 30 ಕಿ.ಮೀ. ಸೆಕೆಂಡಿಗೆ 3 ಲಕ್ಷ ಕಿ.ಮೀ. ವೇಗದಲ್ಲಿ ಅದಕ್ಕೆ 0.1 ಮಿಲಿಸೆಕೆಂಡ್ ಹಿಡಿಯುತ್ತದೆ. ಅಷ್ಟು ಹೊತ್ತು ದಾರಿಯನ್ನು ಬರಿದಾಗಿ ಬಿಡದಿದ್ದರೆ ಹೋಗುವ ಮಾತೂ ಬರುವ ಮಾತೂ ಒಂದರ ಮೇಲೊಂದು ಬಿದ್ದು ಎರಡೂ ಕೆಡುತ್ತವೆ.

ಆದುದರಿಂದ ಉಪಕರಣದ ಮಿತಿಯನ್ನು ಮೀರಲು ಒಂದೋ ಆವೃತ್ತಿಯನ್ನು, ಇಲ್ಲವೇ ಕಾಲವನ್ನು ತೆರಬೇಕು. ಗೋಪುರವು 45 ಕಿ.ಮೀ. ದೂರವಿದ್ದರೆ ಬಿಡುವು ಎಷ್ಟಿರಬೇಕೆಂಬುದನ್ನು ವಿದ್ಯಾರ್ಥಿಗಳು ತಾವೇ ಗಣಿಸಿ ನೋಡಲಿ.